ನಮ್ಮ ಹವಳಕ್ಕೆ ಬಣ್ಣ ಬಂದ ಬಗೆ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಅವರ ಷೋಕೇಸನ್ನು. ಮನೆಯವರ ಮುಖ ಆಮೇಲೆ. ಇದು ಒಳ್ಳೆಯ ಅಭ್ಯಾಸವಲ್ಲವೆಂದು ನನಗೂ ಗೊತ್ತು. ಮಂಗಳೂರಿನ ಹಳೆಯ ಮನೆಗಳ ಷೋಕೇಸಿನಲ್ಲಿ ಏನೇನಿರುತ್ತದೆಂದು ನಿಮಗೂ ತಿಳಿದಿರಬಹುದು. ಗಲ್ಫಿನಿಂದ ಬಂದ, ಯಾರೂ ಕುಡಿಯದ ಟೀ ಸೆಟ್ಟು, ಕೀಲಿ ಕೊಟ್ಟರೆ ಕುಣಿಯುವ ಗೊಂಬೆ, ಯಾರೋ ಯಾವಾಗಲೋ ಓಟದಲ್ಲಿ ಗೆದ್ದ ಕಪ್ಪು, ಕೆಳಗಿನ ತಟ್ಟಿನಲ್ಲಿ ಒಂದು ಶಂಖ, ಅದರ ಪಕ್ಕದಲ್ಲಿ ಹಾಲಿನಷ್ಟು ಬೆಳ್ಳಗಿನ ಒಂದು ಹವಳದ ತುಂಡು. ನಾನು ಹುಡುಕುವುದು ಆ ಕೊನೆಯದನ್ನು. ಅದು ಕಣ್ಣಿಗೆ ಬಿತ್ತೋ, ಕೊಟ್ಟ ಕಾಫಿ ನನಗೆ ರುಚಿಸುವುದಿಲ್ಲ. ಇದು ಹುಟ್ಟಾ ಬೆಳ್ಳಗಿರಲಿಲ್ಲ, ಇದಕ್ಕೆ ಬಣ್ಣ ಇತ್ತು, ಬಾಯಿ ಇತ್ತು, ಹೊಟ್ಟೆ ಇತ್ತು ಎಂದು ಹೇಳಿಬಿಡೋಣ ಅನ್ನಿಸುತ್ತದೆ. ಒಮ್ಮೆ ಹೇಳಿಯೂ ಬಿಟ್ಟೆ, ಅದೂ ನೆಂಟರೊಬ್ಬರ ಮಗನಿಗೆ ಹೆಣ್ಣು ನೋಡಲು ಹೋದಲ್ಲಿ. ವಾಪಸು ಬರುವಾಗ ಕಾವೂರು ದಾಟುವವರೆಗೂ ಇವರು, ಅಂದರೆ ನನ್ನ ಗಂಡ, ಕಾರಿನಲ್ಲಿ ನನ್ನೊಡನೆ ಮಾತಾಡಲಿಲ್ಲ.

ಹವಳಕ್ಕೆ ಬಣ್ಣವಿರುತ್ತದೆ ಎಂಬುದನ್ನು ನಾನು ಪುಸ್ತಕ ಓದಿ ತಿಳಿದವಳಲ್ಲ. ಪುಸ್ತಕವನ್ನೂ ಓದಿದ್ದೆ ಅನ್ನಿ. ಎಪ್ಪತ್ತರ ದಶಕದಲ್ಲಿ ಬಿ.ಎಸ್ಸಿ. ಮಾಡಿದವಳು ನಾನು, ಪ್ರಾಣಿಶಾಸ್ತ್ರದಲ್ಲಿ ಎರಡನೇ ದರ್ಜೆ. ಲ್ಯಾಬಿನ ಬಾಟಲಿಯಲ್ಲಿದ್ದ ಹವಳ ಫಾರ್ಮಲಿನ್ನಿನಲ್ಲಿ ನೆನೆದು ಹಳೆಯ ಗೋಡೆಯ ಸುಣ್ಣದ ಹೆಕ್ಕಳೆಯಂತೆ ಇತ್ತು. ಅದನ್ನೇ ನೋಡಿ ಪರೀಕ್ಷೆಯಲ್ಲಿ ಚಿತ್ರ ಬರೆದು ಬಾಣ ಹಾಕಿ ಹೆಸರು ಗುರುತಿಸಿದ್ದೆ. ನನ್ನ ತವರು ತೊಕ್ಕೊಟ್ಟಿನ ಹತ್ತಿರ. ಕಡಲೆಂದರೆ ಅಂಗಳದ ಹಾಗೆಯೇ ಬೆಳೆದವಳು. ಬೇಸಗೆಯಲ್ಲಿ ಅಜ್ಜಿಯ ಹಿಂದೆ ನೇತ್ರಾವತಿಯ ಇಳಿತದ ನೀರಿಗೆ ಹೋಗಿ ಕಾಲ ಬೆರಳಲ್ಲೇ ಮರುವಾಯಿ ಚಿಪ್ಪು ಹುಡುಕಿ ಬುಟ್ಟಿ ತುಂಬಿಸುತ್ತಿದ್ದೆವು. ಮನೆಗೆ ಬಂದು ಅಂಗಾಲು ನೋಡಿದರೆ ಚಿಪ್ಪು ಕೊಯ್ದ ಗೀರುಗಳು. ಅಜ್ಜಿ ಅದಕ್ಕೆ ಅರಸಿನ ಮೆತ್ತಿ, ಅತ್ತರೆ ಇನ್ನೊಂದು ಕಾಲಿಗೂ ಮೆತ್ತುತ್ತೇನೆಂದು ಹೆದರಿಸುತ್ತಿದ್ದರು. ಅಷ್ಟೆಲ್ಲ ಕಡಲು ಕಂಡರೂ ಜೀವ ಇರುವ ಹವಳವನ್ನು ಮಾತ್ರ ನಾನು ಕಂಡಿರಲಿಲ್ಲ. ನಮ್ಮ ಕೆಸರು ನೀರಿನ ಕಡಲ ಕರೆಯಲ್ಲಿ ಅದು ಇರುವುದೂ ಇಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿದ್ದಾಗ ನಾನು ಮಣ್ಣಗುಡ್ಡದ ಮನೆಗೆ ಸೊಸೆಯಾಗಿ ಬಂದೆ. ಭೂಮಸೂದೆಯಲ್ಲಿ ಗದ್ದೆಗಳೆಲ್ಲ ಹೋಗಿ ಒಂದು ಹೋಟೆಲು ಮಾತ್ರ ಉಳಿದ ಮನೆ. ಮಾವ ತೀರಿಕೊಂಡಿದ್ದರು, ಹೋಟೆಲು ಇವರ ಕೈಗೆ ಬಂದಿತ್ತು. ಮನೆ ಮಾತ್ರ ಅತ್ತೆಯ ಕೈಯಲ್ಲೇ ಇತ್ತು. ನಮ್ಮಲ್ಲಿ ಅತ್ತೆಯನ್ನು ಮಾಮಿ ಎನ್ನುವುದು. ಮಾಮಿ ಕೆಟ್ಟವರೇನೂ ಅಲ್ಲ, ಆದರೆ ಆ ಮನೆಯಲ್ಲಿ ಚಮಚ ಯಾವ ಕಡೆಗೆ ಮುಖ ಮಾಡಿ ಮಲಗಬೇಕು ಎಂಬುದಕ್ಕೂ ಅವರದೊಂದು ಕ್ರಮವಿತ್ತು. ಮೈದುನ ಸುಧಾಕರ ಬ್ಯಾಂಕಿನಲ್ಲಿದ್ದ. ನಾಲ್ಕೇ ಜನರ ಮನೆ, ಆದರೂ ಬಂದ ಮೊದಲ ವರ್ಷ ನನಗೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ.

ಆ ಮನೆಗೆ ಗಾಜಿನ ತೊಟ್ಟಿ ಬಂದದ್ದು ಹೋಟೆಲಿನಿಂದ. ಅಲ್ಲಿನ ಫ್ಯಾಮಿಲಿ ರೂಮಿನಲ್ಲಿ ಅಂದಕ್ಕೆಂದು ಚಿನ್ನದ ಮೀನು ಸಾಕಿದ್ದರು. ಗಿರಾಕಿಗಳು ತಾವು ತಿನ್ನುವ ಗೋಳಿಬಜೆಯಲ್ಲಿ ಒಂದು ಚೂರು ಮೀನಿಗೆ, ಮಗುವಿನ ಕೈಯಿಂದ ಇನ್ನೊಂದು ಚೂರು. ಕೊನೆಗೆ ನೀರಿನ ಮೇಲೆ ಎಣ್ಣೆ ತೇಲಿತು, ಅದರ ಮೇಲೆ ಮೀನುಗಳು ತೇಲಿದವು. ಖಾಲಿ ತೊಟ್ಟಿಯನ್ನು ಇವರು ಮನೆಗೆ ತಂದು ಚಾವಡಿಯ ಮೂಲೆಯಲ್ಲಿಟ್ಟರು. ಅದನ್ನು ಕಂಡದ್ದೇ ನನ್ನ ಎರಡನೇ ದರ್ಜೆಯ ಪ್ರಾಣಿಶಾಸ್ತ್ರ ಎದ್ದು ಕೂತಿತು. ಹೋಟೆಲಿಗೆ ತೆಂಗಿನಕಾಯಿ ಬರುತ್ತಿದ್ದುದು ಬಂದರಿನಿಂದ, ಲಕ್ಷದ್ವೀಪದ ಹಾಯಿದೋಣಿಗಳಲ್ಲಿ. ದ್ವೀಪದವರಿಗೆ ಹೇಳಿ ಜೀವ ಇರುವ ಒಂದು ಹವಳ ತರಿಸಿಕೊಡಿ ಎಂದು ನಾನು ಇವರ ಬೆನ್ನು ಹತ್ತಿದೆ. ಬೇರೆ ಹೆಂಡಂದಿರು ಬಳೆ ಕೇಳುತ್ತಾರೆ ಎಂದು ನಕ್ಕರು. ನಾನು ನಗಲಿಲ್ಲ.

ಮಳೆಗಾಲ ಕಳೆದು ಬಂದ ಮೊದಲ ದೋಣಿಯಲ್ಲಿ ಅದು ಬಂತು. ದಾರಿಯುದ್ದಕ್ಕೂ ಕಡಲ ನೀರು ಬದಲಿಸುತ್ತಾ, ಅಗಲ ಬಾಯಿಯ ಪಾತ್ರೆಯಲ್ಲಿ ಒದ್ದೆ ಬಟ್ಟೆ ಮುಚ್ಚಿ ತಂದಿದ್ದರು. ಬಂದರಿನಲ್ಲೇ ಬಟ್ಟೆ ಸರಿಸಿದಾಗ ನಾನು ಕಂಡದ್ದನ್ನು ಇವತ್ತಿಗೂ ಹಾಗೆಯೇ ಹೇಳಬಲ್ಲೆ. ಅರ್ಧ ತೆಂಗಿನಕಾಯಿಯಷ್ಟು ದೊಡ್ಡ ಗುಂಡನೆಯ ಕಲ್ಲು, ಮೈತುಂಬ ಗೂಡು ಗೂಡು, ಪ್ರತಿ ಗೂಡಿನ ಅಂಚು ಬದನೆ ಹೂವಿನ ನೇರಳೆ, ಒಳಗೆ ಹಸಿರು. ಎಂಥ ಹಸಿರೆಂದರೆ, ಬಂದರಿನ ಆ ಗೋಣಿಚೀಲ, ಮೀನೆಣ್ಣೆ, ಗದ್ದಲಗಳ ನಡುವೆ ಅದೊಂದೇ ತೊಳೆದಿಟ್ಟಂತಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಹೊಗೆ ತಾಗಿತೆಂದು ಸುಳ್ಳು ಹೇಳಿದೆ.

ಈಗ ಹಾಗೆ ಹವಳವನ್ನು ಕಡಲಿನಿಂದ ಕಿತ್ತು ತರುವುದು ಅಪರಾಧ, ಆಗಬೇಕಾದದ್ದೇ. ಆಗ ನಮಗೆ ಯಾರಿಗೂ ಆ ಯೋಚನೆ ಇರಲಿಲ್ಲ. ಅದು ನಮ್ಮಲ್ಲಿ ಎಷ್ಟು ಕಾಲ ಬಾಳಿತೆಂದು ನೀವು ಕೇಳುತ್ತೀರಿ, ಹೇಳಿಬಿಡುತ್ತೇನೆ. ಡ್ರಮ್ಮಿನಲ್ಲಿ ಕಡಲ ನೀರು ತುಂಬಿಸಿಟ್ಟು ಒಂದೆರಡು ಮಳೆಗಾಲ ದಾಟಿಸಿದೆ. ಮತ್ತೊಂದು ಮಳೆಗಾಲದಲ್ಲಿ ಕರೆಂಟು ಹೋಗಿ, ಗುಳ್ಳೆ ಬಿಡುವ ಮೋಟರು ನಿಂತು, ಅದು ಹೋಯಿತು. ಆದರೆ ನಾನು ಹೇಳಹೊರಟದ್ದು ಅದರ ಸಾವಿನ ಕತೆಯಲ್ಲ, ಬಣ್ಣದ ಕತೆ.

ಚಾವಡಿಯ ತೊಟ್ಟಿಗೆ ಬಂದ ಹವಳ ಕೆಲವು ವಾರಗಳಲ್ಲಿ ಮಂಕಾಗತೊಡಗಿತು. ಮೊದಲು ಹಸಿರು ಹೋಯಿತು, ಆಮೇಲೆ ನೇರಳೆ. ದೀಪಾವಳಿಯ ಹೊತ್ತಿಗೆ ಇಡಿಯ ಕಲ್ಲು ಕಂದು. ಸತ್ತಿರಲಿಲ್ಲ. ಸಂಜೆ ಮಬ್ಬಾಗುವಾಗ ಗೂಡುಗಳಿಂದ ಸಣ್ಣ ಸಣ್ಣ ಕೈಗಳನ್ನು ಹೊರಗೆ ಚಾಚುತ್ತಿತ್ತು. ಪುಸ್ತಕದಲ್ಲಿ ಇದು ಮಾಂಸಾಹಾರಿ ಎಂದು ಓದಿದ ನೆನಪು. ಹಸಿವಿನಿಂದ ಬಣ್ಣಗೆಟ್ಟಿದೆ ಎಂದುಕೊಂಡು ಸಿಗಡಿಯನ್ನು ಸಣ್ಣಗೆ ಹೆಚ್ಚಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೊಟ್ಟೆ. ಕೊಟ್ಟಷ್ಟೂ ತಿಂದಿತು, ತಿಂದಷ್ಟೂ ಕಂದಾಯಿತು.

ಸಲಹೆ ಕೊಡುವವರಿಗೆ ಕೊರತೆ ಇರಲಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಚಿಟಿಕೆ ಹಾಕಿ ನೋಡು ಎಂದಳು ಪಕ್ಕದ ಮನೆಯವಳು. ಸುಧಾಕರ ಟ್ಯೂಬ್‌ಲೈಟಿಗೆ ನೇರಳೆ ಜಿಲೆಟಿನ್ ಕಾಗದ ಸುತ್ತಿದ. ತೊಟ್ಟಿಯೇನೋ ಚೆಂದ ಕಂಡಿತು, ಆದರೆ ಅದರ ಎದುರು ಕೂತವರೆಲ್ಲ ರೋಗಿಗಳಂತೆ ಕಂಡರು. ಮಾಮಿ ಕಾಗದ ಕಿತ್ತು ಹಾಕಿಸಿದರು.

ಅಷ್ಟರಲ್ಲಿ ಸುಧಾಕರನಿಗೆ ಹೆಣ್ಣು ಗೊತ್ತಾಯಿತು. ಮಕರ ಸಂಕ್ರಾಂತಿ ಕಳೆದ ಮೇಲೆ ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ಎಂದಾಯಿತು, ಚಾವಡಿಗೆ ಬಣ್ಣ ಹೊಡೆಸುವುದೆಂದಾಯಿತು, ಹೊಸ ಷೋಕೇಸಿಗೆ ಆಚಾರಿ ಅಳತೆ ತೆಗೆದುಕೊಂಡು ಹೋದ. ಆ ಸಂಜೆ ಮಾಮಿ ತೊಟ್ಟಿಯ ಎದುರು ನಿಂತು ನನ್ನನ್ನು ಕರೆದರು.

"ಬಣ್ಣ ಉಂಟು, ಬಣ್ಣ ಉಂಟು ಅಂತ ನೀನು ಹೇಳಿದ್ದೆ. ಎಲ್ಲಿ ಉಂಟು ಶಶಿ? ಸುಟ್ಟ ಗೇರುಬೀಜದ ಹಾಗೆ ಉಂಟು ಇದು. ಬ್ಲೀಚಿಂಗ್ ಪೌಡರಿನಲ್ಲಿ ಎರಡು ದಿನ ಹಾಕಿಟ್ರೆ ಬೆಳ್ಳಗೆ ಆಗ್ತದೆ. ಷೋಕೇಸಿನಲ್ಲಿಯಾದ್ರೂ ಇಡಬಹುದು."

"ಅದಕ್ಕೆ ಜೀವ ಉಂಟು ಮಾಮಿ. ಬಣ್ಣ ಬರ್ತದೆ."

"ಯಾವಾಗ?"

"ಸುಧಾಕರ ಮಲೆಗೆ ಹೋಗಿ ಬರುವುದರೊಳಗೆ."

ಯಾವ ಧೈರ್ಯದಲ್ಲಿ ಹಾಗೆಂದೆನೋ. ಮಗನಿಗೆ ಸಂಬಂಧ ಕೂಡಿಬಂದರೆ ಅಯ್ಯಪ್ಪನ ಮಾಲೆ ಹಾಕಿಸಿ ಮಲೆಗೆ ಕಳಿಸುತ್ತೇನೆಂದು ಮಾಮಿ ಹರಕೆ ಹೊತ್ತಿದ್ದರು, ಅದು ಬಾಯಿಗೆ ಬಂತು, ಅಷ್ಟೆ. ಮಾಮಿ ಆಗಲಿ ಎಂದರು. ಅವರು ಆಗಲಿ ಎಂದರೆ ಮುಗಿಯಿತು, ಆಚೆ ಒಂದು ದಿನ ಹೆಚ್ಚಿಲ್ಲ. ಆ ಮನೆಯಲ್ಲಿ ಕರಿಮಣಿಯಿಂದ ಕಾವಲಿಯವರೆಗೆ ಎಲ್ಲವೂ ಯಾರೋ ಕೊಟ್ಟದ್ದು, ಯಾರೋ ಇಟ್ಟದ್ದು. ನಾನಾಗಿ ಬೇಕೆಂದು ತಂದದ್ದು ಆ ಹವಳ ಒಂದೇ. ಅದು ಬ್ಲೀಚಿಂಗ್ ಪೌಡರಿನ ಬಾಲ್ದಿಗೆ ಹೋದರೆ ಆಮೇಲೆ ಆ ಮನೆಯಲ್ಲಿ ನನ್ನ ಯಾವ ಮಾತಿಗೂ ಬೆಲೆ ಇರುವುದಿಲ್ಲ ಎಂದು ಗಟ್ಟಿಯಾಗಿ ಅನ್ನಿಸಿತು. ಈಗ ಯೋಚಿಸಿದರೆ ಅಷ್ಟು ದೊಡ್ಡ ಸಂಗತಿಯೇ ಅದು ಎಂದು ಕೇಳಿಕೊಳ್ಳುತ್ತೇನೆ. ಆಗ ಅಷ್ಟೇ ದೊಡ್ಡದಾಗಿತ್ತು.

ವೃಶ್ಚಿಕ ಸಂಕ್ರಮಣದ ದಿನ ಸುಧಾಕರ ಮಾಲೆ ಹಾಕಿ ಕಪ್ಪು ಲುಂಗಿ ಉಟ್ಟ. ಅಂದಿನಿಂದ ಹೆತ್ತ ತಾಯಿಗೂ ಅವನು ಸ್ವಾಮಿ. ಸ್ವಾಮಿ, ಸ್ನಾನಕ್ಕೆ ನೀರು ಬಿಸಿ ಉಂಟು. ಸ್ವಾಮಿ, ಒದ್ದೆ ಟವೆಲು ಮಂಚದ ಮೇಲೆ ಹಾಕಬೇಡಿ. ಮಾಮಿಯ ಬಾಯಲ್ಲಿ ಮಗನಿಗೆ ಬಹುವಚನ ಕೇಳುವುದೇ ಒಂದು ಚೆಂದ. ಆದರೆ ವ್ರತದ ನಿಯಮ ಸ್ವಾಮಿಗಿಂತ ನಮಗೇ ಹೆಚ್ಚು. ಮೀನಿನವಳು ಗೇಟಿನಿಂದಲೇ ವಾಪಸು. ಮೀನಿನ ಮಣ್ಣಿನ ಅಳಗೆ ಅಟ್ಟಕ್ಕೆ. ಒಣ ಸಿಗಡಿಯ ಡಬ್ಬ ಪಕ್ಕದ ಮನೆಗೆ. ಆಗಲೇ ನನ್ನ ತಲೆಗೆ ಹೊಳೆದದ್ದು, ಹವಳಕ್ಕೆ ಇನ್ನು ಏನು ಕೊಡುವುದು?

"ಮಾಲೆ ಹಾಕಿದ್ದು ಸುಧಾಕರ, ಹವಳ ಅಲ್ಲ ಮಾಮಿ," ಎಂದೆ.

"ಸ್ವಾಮಿ ಇರುವ ಮನೆಗೆ ಮೀನು ಬರುವುದಿಲ್ಲ. ನಮಗೂ ಇಲ್ಲ, ಕಲ್ಲಿಗೂ ಇಲ್ಲ."

ಇವರ ಹತ್ತಿರ ಅತ್ತುಕೊಂಡೆ. ಹೋಟೆಲಿನಿಂದ ಗುಟ್ಟಾಗಿ ಒಂದೊಂದು ಸಿಗಡಿ ತರಬಹುದಲ್ಲ ಎಂದೆ. ದೇವರ ವಿಷಯ ಮಾರಾಯ್ತಿ, ತಮಾಷೆ ಬೇಡ ಎಂದರು. ನನಗೂ ಒಳಗೊಳಗೆ ಹೆದರಿಕೆ ಇತ್ತು. ಕಾಡು ದಾರಿಯಲ್ಲಿ ಬರಿಗಾಲಲ್ಲಿ ನಡೆಯುವವನು ಸುಧಾಕರ, ಅವನ ಕಾಲಿಗೆ ಮುಳ್ಳು ಹೆಟ್ಟಿದರೂ ಅದು ನನ್ನ ಸಿಗಡಿಯಿಂದಲೇ ಆಗಿರುತ್ತದೆ.

ಊಟ ಕೊಡಲಾಗದಿದ್ದರೆ ಬೇಡ, ಕೊಡಲಾಗುವುದನ್ನೆಲ್ಲ ಕೊಡುತ್ತೇನೆ ಎಂದು ಹಟ ಹಿಡಿದೆ. ಮೊದಲು ತೊಟ್ಟಿಯನ್ನು ಕತ್ತಲೆಯ ಚಾವಡಿಯಿಂದ ಪೂರ್ವದ ಜಗಲಿಗೆ ಸಾಗಿಸಿದೆ. ಹೋಟೆಲಿನ ನಾಲ್ಕು ಜನ ಬಂದು ಎತ್ತಿದರು. ಎತ್ತುವಾಗ ಒಂದು ಮೂಲೆಯ ಪುಟ್ಟಿ ಬಿಟ್ಟು ನೀರು ಸೋರಿತು, ಹಾಗೂ ಬಿಡದೆ ಮೆತ್ತಿಸಿದೆ. ಬೆಳಗಿನ ಬಿಸಿಲು ಈಗ ನೇರವಾಗಿ ಕಲ್ಲಿನ ಮೇಲೆ ಬೀಳುತ್ತಿತ್ತು. ಆಮೇಲೆ ನೀರು. ಮೊದಲು ಮನಸ್ಸಾದಾಗ ಇವರು ಸ್ಕೂಟರಿನಲ್ಲಿ ತರುತ್ತಿದ್ದ ನೀರನ್ನು ಈಗ ವಾರಕ್ಕೆ ಎರಡು ಸಲ ನಾನೇ ತರತೊಡಗಿದೆ. ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿ ಹೊಳೆ ದಾಟಿ ತಣ್ಣೀರುಬಾವಿಗೆ ಹೋಗುವುದು, ಸೀರೆ ಎತ್ತಿ ಕಟ್ಟಿ ಅಲೆಯೊಳಗೆ ಇಳಿದು ಕ್ಯಾನು ತುಂಬಿಸುವುದು, ಎರಡು ಕೈಗೆ ಎರಡು ಕ್ಯಾನು ಹಿಡಿದು ಮರಳಲ್ಲಿ ಹೂತುಹೋಗುತ್ತಾ ವಾಪಸು ದೋಣಿಗೆ ಬರುವುದು. ಹೋಟೆಲಿನ ಯಜಮಾನರ ಹೆಂಡತಿ ಕ್ಯಾನಿನಲ್ಲಿ ಕಡಲು ಹೊರುತ್ತಾಳೆ ಎಂಬ ಸುದ್ದಿ ಮಣ್ಣಗುಡ್ಡ ತುಂಬ ಹಬ್ಬಿತು. ದೋಣಿಯ ಹೆಂಗಸೊಬ್ಬಳು ಗಂಟು ನೋವಿನ ಮದ್ದಿಗಾ ಅಮ್ಮ ಎಂದು ಕೇಳಿದಳು. ಹೌದೆಂದೆ. ಮುಂದಿನ ಸಲ ಅವಳೂ ಒಂದು ಬಾಟಲಿ ತುಂಬಿಸಿಕೊಂಡಳು. ಅವಳ ಗಂಟಿಗೆ ಏನಾಯಿತೋ, ನನ್ನ ಭುಜದ ಗಂಟಿಗಂತೂ ಆಗಲೇ ಶುರುವಾದ ನೋವು ಈಗಲೂ ಉಂಟು.

ಸ್ವಾಮಿಯ ಭಜನೆಗೆ ಬಂದವರೆಲ್ಲ ಜಗಲಿಯಲ್ಲಿ ಚಪ್ಪಲಿ ಬಿಡುವಾಗ ತೊಟ್ಟಿಯೊಳಗೆ ಬಗ್ಗಿ ನೋಡಿ, ಮೀನೆಲ್ಲಿ ಎಂದು ಕೇಳುತ್ತಿದ್ದರು. ಮೀನಿಲ್ಲ, ಕಲ್ಲು ಉಂಟು ಎಂದರೆ ನನ್ನನ್ನೇ ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದರು. ಮಾಮಿ ಮಾತ್ರ ಆ ಕಡೆಗೆ ತಿರುಗಿಯೂ ನೋಡುತ್ತಿರಲಿಲ್ಲ. ತುಳಸಿಕಟ್ಟೆಗೆ ಹೋಗಲು ಜಗಲಿಯೇ ಹತ್ತಿರ, ಆದರೂ ಅಡಿಗೆ ಮನೆಯ ಹಿಂಬಾಗಿಲಿನಿಂದ ಸುತ್ತು ಹಾಕಿ ಹೋಗುತ್ತಿದ್ದರು. ಅಷ್ಟು ದ್ವೇಷವೇ ಆ ಬಡಪಾಯಿಯ ಮೇಲೆ ಎಂದು ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದ ದಿನ ನೀರಿಗೆ ಹೋದರೆ ಕ್ಯಾನು ಹಗುರ ಅನ್ನಿಸುತ್ತಿತ್ತು, ಅದೊಂದು ಉಪಕಾರ.

ಹವಳ ಹಸಿವಿನಿಂದ ಸಾಯುತ್ತದೆಂದು ದಿನವೂ ಎದ್ದವಳೇ ಹೋಗಿ ನೋಡುತ್ತಿದ್ದೆ. ಸಾಯಲಿಲ್ಲ. ಗಾಜಿನ ಮೇಲೆ ಕಟ್ಟುತ್ತಿದ್ದ ಪಾಚಿ ಕಡಿಮೆಯಾಯಿತು, ನೀರು ತಿಳಿಯಾಯಿತು. ಡಿಸೆಂಬರಿನ ಒಂದು ಬೆಳಿಗ್ಗೆ ಗೂಡುಗಳ ಅಂಚಿನಲ್ಲಿ ತೆಳ್ಳಗೆ ಒಂದು ನೇರಳೆ ಗೆರೆ ಕಂಡಂತಾಯಿತು. ನಾನು ನಂಬಲಿಲ್ಲ. ಮೇಲಿನ ಹಗ್ಗದಲ್ಲಿ ಸ್ವಾಮಿಯ ಲುಂಗಿ ಒಣಗುತ್ತಿತ್ತು, ಅದರ ನೆರಳಿನ ಬಣ್ಣ ಎಂದುಕೊಂಡು ಲುಂಗಿ ತೆಗೆದೆ. ಗೆರೆ ಹೋಗಲಿಲ್ಲ. ಶಾಲು ತೆಗೆದೆ, ಹೋಗಲಿಲ್ಲ. ಕೊನೆಗೆ ಹಗ್ಗವನ್ನೇ ಬಿಚ್ಚಿದೆ. ಒದ್ದೆ ಬಟ್ಟೆಗಳನ್ನೆಲ್ಲ ಹೆಗಲ ಮೇಲೆ ಹೊತ್ತುಕೊಂಡು ನಾನು ಜಗಲಿಯಲ್ಲಿ ಕೂತು ಅತ್ತುಬಿಟ್ಟೆ. ಸ್ವಾಮಿ ಸ್ನಾನ ಮಾಡಿ ಬಂದವನು ಉಡಲು ಬಟ್ಟೆ ಹುಡುಕುತ್ತಿದ್ದ.

ಮಕರ ಸಂಕ್ರಾಂತಿ ಕಳೆದು ಸುಧಾಕರ ಮಲೆಯಿಂದ ಇಳಿದು ಬರುವ ಹೊತ್ತಿಗೆ ಬದನೆ ಹೂವಿನ ಆ ನೇರಳೆ ಪೂರ್ತಿ ಮರಳಿತ್ತು, ಒಳಗಿನ ಹಸಿರೂ ತಿರುಗಿ ಬಂದಿತ್ತು. ಬಂದರಿನಲ್ಲಿ ಕಂಡದ್ದಕ್ಕಿಂತಲೂ ಮಿಗಿಲು ಎಂದು ನನ್ನ ಮನಸ್ಸು ಹೇಳುತ್ತದೆ, ನೀವು ಅರ್ಧ ನಂಬಿದರೆ ಸಾಕು. ಬಿಸಿಲಿನಿಂದಲೋ, ನೀರಿನಿಂದಲೋ, ಯಾವುದರಿಂದ ಬಂತೆಂದು ನನಗೆ ತಿಳಿದಿರಲಿಲ್ಲ. ಮಾಮಿ ಅದನ್ನು ನೋಡಿದ್ದಾರೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಷೋಕೇಸು ಬಂದು ಚಾವಡಿಯಲ್ಲಿ ನಿಂತಿತ್ತು, ಅದರ ಕೆಳಗಿನ ತಟ್ಟು ಖಾಲಿ ಇತ್ತು.

ಮಾಲೆ ತೆಗೆದ ಮರುದಿನ ಮನೆಗೆ ಮೀನು ಬಂತು. ಅಷ್ಟು ದಿನದ ಬಾಯಿಚಪಲಕ್ಕೆ ಮಾಮಿ ಬುಟ್ಟಿಯಲ್ಲಿದ್ದ ಸಿಗಡಿಯನ್ನು ಪೂರ್ತಿ ತೆಗೆದುಕೊಂಡರು. ನಾನು ಮಸಾಲೆ ಅರೆದು ಕೈ ತೊಳೆಯುತ್ತಾ ಕಿಟಕಿಯಿಂದ ಜಗಲಿ ನೋಡಿದೆ. ತೊಟ್ಟಿಯ ಎದುರು ಮಾಮಿ ನಿಂತಿದ್ದರು, ಕೈಯಲ್ಲಿ ಒಂದು ಪಿಂಗಾಣಿ ಬಟ್ಟಲು. ಅದರಲ್ಲಿ ಸುಲಿದು ಸಣ್ಣಗೆ ಹೆಚ್ಚಿದ ಸಿಗಡಿ. ನಾನು ಓಡಿದೆ. ನಾನು ಜಗಲಿಗೆ ಮುಟ್ಟುವುದಕ್ಕೂ ಇವರು ಹೋಟೆಲಿನಿಂದ ಬಾಳೆಲೆಯ ಸಣ್ಣ ಕಟ್ಟು ಹಿಡಿದು ಮೆಟ್ಟಿಲು ಹತ್ತುವುದಕ್ಕೂ ಸರಿಯಾಯಿತು. ಹಿಂದೆಯೇ ಸುಧಾಕರ, ಹೊಸದಾಗಿ ಗಡ್ಡ ಬೋಳಿಸಿದ ಮುಖ, ಅಂಗೈಯಲ್ಲಿ ಅಡಿಗೆಮನೆಯಿಂದ ಎತ್ತಿದ ಎರಡು ಸಿಗಡಿ. ನಾಲ್ಕು ಜನರೂ ತೊಟ್ಟಿಯ ಸುತ್ತ ನಿಂತು ಒಬ್ಬರ ಕೈಯನ್ನು ಒಬ್ಬರು ನೋಡಿದೆವು.

ಆಗ ಎಲ್ಲ ಹೊರಬಿತ್ತು. ಮಾಲೆಗೆ ಮೊದಲು ಇವರು ದಿನವೂ ಹೋಟೆಲಿಗೆ ಹೊರಡುವಾಗ ಒಂದು ಚೂರು ಹಾಕುತ್ತಿದ್ದರಂತೆ, ಹೆಂಡತಿಯ ಹವಳ ಬೇಗ ಚೇತರಿಸಲಿ ಎಂದು. ಸುಧಾಕರ ಬ್ಯಾಂಕಿನಿಂದ ಬಂದ ಕೂಡಲೇ. ನಾನು ಎರಡು ಹೊತ್ತು. ಹೋಟೆಲಿನ ಚಿನ್ನದ ಮೀನಿಗೆ ಊರಿನವರೆಲ್ಲ ಮಾಡಿದ್ದನ್ನೇ ನಾವು ಹವಳಕ್ಕೆ ಮನೆಯವರೆಲ್ಲ ಸೇರಿ ಮಾಡಿದ್ದೆವು. ಊಟ ಹೆಚ್ಚಾಗಿ ನೀರು ಕೆಟ್ಟಿತ್ತು. ಅದು ಬಣ್ಣಗೆಟ್ಟದ್ದು ಹಸಿವಿನಿಂದ ಅಲ್ಲ, ನಮ್ಮ ಉಪಚಾರದಿಂದ.

"ಮಾಮಿ, ನೀವೂ ಮೊದಲು ಹಾಕ್ತಿದ್ರಾ?"

"ಮತ್ತೆ? ಮಧ್ಯಾಹ್ನ ನೀನು ಮಲಗ್ತೀಯಲ್ಲ, ಆಗ." ಮಾಮಿ ಬಟ್ಟಲನ್ನು ಸೆರಗಿನಲ್ಲಿ ಅರ್ಧ ಮುಚ್ಚಿಕೊಂಡರು. "ಕಲ್ಲಾದ್ರೆ ಎಂತ, ನಮ್ಮ ಮನೆಯಲ್ಲಿ ಉಂಟಲ್ಲ. ಮನೆಯಲ್ಲಿ ಇರುವುದನ್ನು ಉಪವಾಸ ಹಾಕಿ ನಾವು ಹೇಗೆ ಉಣ್ಣುವುದು? ವ್ರತ ಅಂತ ಬಾಯಿ ಬಿಟ್ಟು ಹೇಳಿದ್ದೇನೋ ಹೇಳಿದೆ. ಆಮೇಲೆ ಅದರ ಎದುರಿಗೆ ಹೋಗ್ಲಿಕ್ಕೆ ನನಗೆ ಮುಖ ಇರಲಿಲ್ಲ."

ಅಷ್ಟು ದಿನ ಹಿಂಬಾಗಿಲಿನಿಂದ ಸುತ್ತು ಹಾಕಿ ತುಳಸಿಕಟ್ಟೆಗೆ ಹೋದ ಈ ಹೆಂಗಸಿನ ಮೇಲೆ ನಾನು ಸಿಟ್ಟು ಮಾಡಿಕೊಂಡಿದ್ದೆ. ಆದರೂ ತೊಟ್ಟಿಯ ಮೇಲೆ ಎರಡು ಕೈ ಅಡ್ಡ ಇಟ್ಟೆ. ಮಾಮಿಯ ಎದುರು ಹಾಗೆ ಕೈ ಅಡ್ಡ ಇಟ್ಟದ್ದು ಆ ಮನೆಯಲ್ಲಿ ಅದೇ ಮೊದಲು.

"ಬೇಡ ಮಾಮಿ. ವಾರಕ್ಕೆ ಒಮ್ಮೆ ಸಾಕು, ಅದೂ ನಾನು ಕೊಡ್ತೇನೆ. ನೀವು ಯಾರೂ ಕೊಡಬಾರದು. ಕೊಟ್ರೆ ಈ ಬಣ್ಣ ಹೋಗ್ತದೆ."

ಮಾಮಿ ನನ್ನ ಕೈಗಳನ್ನು ನೋಡಿದರು, ಹವಳವನ್ನು ನೋಡಿದರು. ಆಮೇಲೆ ಮಕ್ಕಳಿಬ್ಬರ ಕೈಯಿಂದ ಸಿಗಡಿ ತೆಗೆದು ತಮ್ಮ ಬಟ್ಟಲಿಗೆ ಹಾಕಿಕೊಂಡರು. ನನಗೆ ಕೇಳದೆ ಇರಲಾಗಲಿಲ್ಲ. ಬ್ಲೀಚಿಂಗ್ ಪೌಡರ್ ಎಂದಷ್ಟೇ ಅಂದೆ.

"ಅದು ಬಾವಿಗೆ ಬೇಕು," ಎಂದು ಮಾಮಿ ಒಳಗೆ ಹೋದರು.

ಮಧ್ಯಾಹ್ನ ಸಿಗಡಿ ಸುಕ್ಕದ ಪರಿಮಳ ಮನೆ ತುಂಬ ಹಬ್ಬಿತ್ತು. ಎಲೆ ಹಾಕಿ ಎಲ್ಲರೂ ಕೂತೆವು. ಬಡಿಸಿದ್ದಾಯಿತು. ಮಾಮಿ ಅನ್ನಕ್ಕೆ ಕೈ ಹಾಕಿದವರು ಹಾಗೆಯೇ ನಿಲ್ಲಿಸಿದರು. ಉಪ್ಪು ಕಡಿಮೆಯಾಯಿತೇನೋ ಎಂದು ನಾನು ಹೆದರಿದೆ. ಅವರು ನನ್ನ ಕಡೆ ನೋಡದೆ, ತಗ್ಗಿದ ದನಿಯಲ್ಲಿ ಹೇಳಿದರು:

"ಶಶಿ, ಆ ಜಗಲಿಯ ಬಾಗಿಲು ಹಾಕಿ ಬಾ. ಪಾಪ, ಅದಕ್ಕೆ ವಾಸನೆ ಹೋಗುವುದು ಬೇಡ."